ಹೊಸ ನಾಲಿನ ಸಪ್ಪಳ

ಹಳಿಯಾಳದ ಪೇಟೆಯಲ್ಲಿ ಕುದುರೆಗಳ ಗೊರಸಿಗೆ ನಾಲ ಬಡಿಯುವ ಕಾಸಿಂಸಾಬನಿಗೆ ಎರಡು ಹಮ್ಮುಗಳಿದ್ದವು. ಒಂದು ತನ್ನ ಕೈಕೆಲಸದ್ದು, ಇನ್ನೊಂದು ಮೈನಾ ಎಂಬ ತನ್ನ ಬಿಳಿ ಕುದುರೆಯದು. ಮೊದಲನೆಯದನ್ನು ಊರು ಒಪ್ಪಿಕೊಂಡಿತ್ತು. ಎರಡನೆಯದನ್ನು ಕೇಳಿ ಕೇಳಿ ಊರಿನ ಕಿವಿ ತೂತು ಬಿದ್ದಿತ್ತು.

ಮೈನಾ ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡ ಮರಿ. ಕಾಸಿಂಸಾಬನ ಒಬ್ಬಳೇ ಮಗಳು ಮೆಹರುನ್ನಿಸಾ ಅದಕ್ಕೆ ಆಡಿನ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಬದುಕಿಸಿದ್ದಳು. ಅವಳು ಮದುವೆಯಾಗಿ ಮುಂಡಗೋಡಕ್ಕೆ ಹೊರಟ ದಿನ ತಾಯಿಯ ಕೊರಳಿಗೆ ಬಿದ್ದು ಅತ್ತದ್ದಕ್ಕಿಂತ ಕುದುರೆಯ ಕೊರಳಿಗೆ ಬಿದ್ದು ಅತ್ತದ್ದೇ ಹೆಚ್ಚು ಎಂದು ಕಾಸಿಂಸಾಬನ ಹೆಂಡತಿ ಸಿರಾಜುನ್ನಿಸಾ ಇವತ್ತಿಗೂ ಸಿಟ್ಟು ಮಾಡುತ್ತಿದ್ದಳು. ಅಳಿಯ ಅಬ್ದುಲ್ ಕರೀಮ ಮುಂಡಗೋಡದಲ್ಲಿ ಟಾಂಗಾ ಹೊಡೆಯುವವನು. ಆ ಮಳೆಗಾಲದಲ್ಲಿ ಅವನ ಕುದುರೆ ಹೊಟ್ಟೆ ಉಬ್ಬರಿಸಿ ಸತ್ತಿತು. ಟಾಂಗಾ ಮನೆಯ ಮುಂದೆ ಮೂಕಿ ನೆಲಕ್ಕೂರಿ ಕೂತಿತು, ಅಳಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಹೋದ. ಇತ್ತ ಕಾಸಿಂಸಾಬನ ಮೊಣಕಾಲು ಹಿಡಿದುಕೊಂಡು ಅವನ ಟಾಂಗಾದ ಓಡಾಟವೂ ನಿಂತಿತ್ತು. ಮೈನಾಳನ್ನು ಮಗಳಿಗೆ ಕೊಡುವುದೆಂದು ಗಂಡ ಹೆಂಡತಿ ಇಬ್ಬರೂ ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಅದು ಕೈಕಾಲು ನೆಟ್ಟಗೆ ಇಟ್ಟುಕೊಂಡು ಮುಂಡಗೋಡ ಮುಟ್ಟಿದರೆ ಮಗಳ ಮನೆಯ ಒಲೆ ಮತ್ತೆ ಎಂದಿನಂತೆ ಉರಿಯುತ್ತಿತ್ತು. ಮುಟ್ಟಿಸುವುದೊಂದೇ ಉಳಿದ ಕೆಲಸ.

ಆ ಕೆಲಸಕ್ಕೆ ಮಗಳು ತಾನೇ ಒಬ್ಬನನ್ನು ಆರಿಸಿ ಕಳಿಸಿದ್ದಳು. ಅತ್ತಿವೇರಿಯ ಹತ್ತಿರದ ತಾಂಡಾದ ಗೇಮಪ್ಪ, ತಟ್ಟು ಎಂಬ ಗಿಡ್ಡ ಕುದುರೆಗಳ ಮೇಲೆ ಹೇರು ಹೊರಿಸಿಕೊಂಡು ಊರೂರು ತಿರುಗುವ ಲಂಬಾಣಿ. ಹಳಿಯಾಳದ ಸಂತೆಗೆ ಮೆಣಸಿನಕಾಯಿ ತಂದು ಹಾಕಿ ಉಪ್ಪು, ಬೆಲ್ಲ ಒಯ್ಯುತ್ತಿದ್ದ. ಅವನ ತಟ್ಟುಗಳಿಗೆ ನಾಲ ಬಡಿಯುತ್ತಿದ್ದವನು ಕಾಸಿಂಸಾಬನೇ. ಸಂತೆ ಮುಗಿಸಿದ ಗೇಮಪ್ಪ ಬಂದು ಕುಲುಮೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಮಾಮಾ, ಮೆಹರವ್ವ ಹೇಳಿ ಕಳಿಸ್ಯಾಳ್ರಿ. ಮೈನಾನ್ನ ನಿಮ್ಮ ಜೋಡಿ ನಡಿಸ್ಕೊಂಡ ಬರ್ರಿ ಅಂದಾಳ. ನಾಳೆ ಮುಂಜಾನೆ ಹೊಂಡತೇನಿ. ಕಲಘಟಗ್ಯಾಗ ವಸ್ತಿ ಮಾಡಿ, ಸಾವಕಾಶ ಮುಟ್ಟಸ್ತೇನಿ."

"ನಿನ್ನ ತಟ್ಟುಗೋಳ ಸಾಲಿನ್ಯಾಗೇನು?" ಎಂದ ಕಾಸಿಂಸಾಬ.

"ಸಾಲಿನ್ಯಾಗ ಯಾಕ್ರಿ? ಮುಂದ ನಡೀತೈತಿ. ಹಗ್ಗ ನನ್ನ ಕೈಯಾಗ ಇರತೈತಿ."

"ಹೇರು ಹೊರಸ್ತಿ."

"ಹೊರಸಾಂಗಿಲ್ರಿ."

"ದಣದರ ನೀನ ಹತ್ತಿ ಕುಂದರ್ತಿ."

ಗೇಮಪ್ಪ ನಕ್ಕುಬಿಟ್ಟ. "ನನ್ನ ತಟ್ಟಿನ ಮ್ಯಾಲರ ನಾ ಕುಂತದ್ದು ಎಂದರ ನೋಡೀರೇನು, ಮಾಮಾ?"

ನೋಡಿರಲಿಲ್ಲ. ಅಷ್ಟು ವರ್ಷಗಳಲ್ಲಿ ಗೇಮಪ್ಪ ಪ್ರಾಣಿಯ ಪಕ್ಕದಲ್ಲಿ ನಡೆದದ್ದನ್ನಲ್ಲದೆ ಬೇರೆ ಕಂಡಿರಲಿಲ್ಲ. ಆದರೆ ಕಾಸಿಂಸಾಬನ ಹೊಟ್ಟೆಯೊಳಗಿನ ಮಾತೇ ಬೇರೆ ಇತ್ತು. ಟಾಂಗಾಕ್ಕೆ ಹೂಡಿದರೆ ಮಾಮಲೇದಾರರ ಹೆಂಡತಿಯೂ ತಿರುಗಿ ನೋಡುವಂಥ ಅವನ ಮೈನಾ, ಕಲಘಟಗಿಯ ಪೇಟೆಯಲ್ಲಿ ಮೆಣಸಿನಕಾಯಿ ಘಾಟು ಹೊಡೆಯುವ ತಟ್ಟುಗಳ ಜೊತೆ ಹೋಗುವುದೆಂದರೇನು? ನೋಡಿದವರು ಏನಂದಾರು? ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಪಾಪದ ಗೇಮಪ್ಪನ ಮೇಲೆ ಇಲ್ಲದ ಅನುಮಾನ ಹೊರಿಸಿದ್ದ.

"ನಡಿಯೋ ಕಾಲು ನಡೀಲಿ ಬಿಡ್ರಿ," ಎಂದಳು ಒಳಗಿನಿಂದ ಸಿರಾಜುನ್ನಿಸಾ. "ಮಗಳು ಹೇಳಿದ್ದೂ ಅದ ಐತೆಲ್ಲ."

"ನೀ ಸುಮ್ನಿರು. ಲಾರ್ಯಾಗ ಕಳಸ್ತೇನಿ. ರಾಣಿ ಹೋದಂಗ ಹೋಗ್ತಾಳ."

ಗೇಮಪ್ಪ ಮತ್ತೆ ಒತ್ತಾಯಿಸಲಿಲ್ಲ. ಎದ್ದು, ಕಂಬಕ್ಕೆ ಕಟ್ಟಿದ್ದ ಮೈನಾಳ ಹಣೆ ಸವರಿ, "ಮೆಹರವ್ವ ದಾರಿ ಕಾಯತಾಳ್ರಿ ಮಾಮಾ, ಜೋಕಿ," ಎಂದಷ್ಟೇ ಹೇಳಿ ಹೋದ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಲಾರಿಗಳೆಲ್ಲ ಬೆನ್ನಿಗೊಂದು ಕಬ್ಬಿಣದ ಪೀಪಾಯಿ ಕಟ್ಟಿಕೊಂಡು, ಇದ್ದಿಲಿನ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುತ್ತಿದ್ದವು. ಕಾಡಿನಿಂದ ದಾಂಡೇಲಿಯ ಡಿಪೋಕ್ಕೆ ಸಾಗವಾನಿ ತೊಲೆ ಸಾಗಿಸುವ ಒಂದು ಲಾರಿಯ ಡ್ರೈವರ್ ಚನಬಸಪ್ಪ ಕಾಸಿಂಸಾಬನಿಗೆ ಚಹಾದಂಗಡಿಯ ಗೆಳೆಯ. ಮುಂಡಗೋಡದ ಕಡೆ ತೊಲೆ ತುಂಬಲು ಬರಿ ಲಾರಿ ಹೋಗುವುದಿತ್ತು. ಕುದುರೆ ಹತ್ತಿಸಿಕೊಳ್ಳಲು ಅವನು ಖುಷಿಯಿಂದಲೇ ಒಪ್ಪಿದ. ಹಳಿಯಾಳದಲ್ಲಿ ಅದುವರೆಗೆ ಯಾರೂ ಕುದುರೆಯನ್ನು ಲಾರಿಯಲ್ಲಿ ಕಳಿಸಿರಲಿಲ್ಲ. ಕಾಸಿಂಸಾಬ ಇದನ್ನು ಚಹಾದಂಗಡಿಯಲ್ಲಿ ಕೂತವರಿಗೂ ಹೇಳಿದ, ನಿಂತವರಿಗೂ ಹೇಳಿದ.

ನಾಲಬಂದರ ಆ ಮನೆತನದಲ್ಲಿ ಒಂದು ರೂಢಿಯಿತ್ತು. ತಮ್ಮ ಕಂಬದಿಂದ ಬಿಚ್ಚಿ ಬೇರೆ ಮನೆಗೆ ಕೊಟ್ಟ ಕುದುರೆ ಹಳೆಯ ನಾಲಿನಲ್ಲಿ ಹೊಸಿಲು ದಾಟಬಾರದು. ತವರಿನಿಂದ ಹೊರಟ ಮಗಳಿಗೆ ಹೊಸ ಬಳೆ ಇಡಿಸುವಂತೆ ನಾಲ್ಕೂ ಕಾಲಿಗೆ ಹೊಸ ನಾಲ ಬಡಿದೇ ಕಳಿಸಬೇಕು. ಕಾಸಿಂಸಾಬನ ಅಪ್ಪ ಹಾಗೆ ಮಾಡಿದ್ದ, ಅಜ್ಜನೂ ಮಾಡಿದ್ದ. ಅವರ ಕುದುರೆಗಳೆಲ್ಲ ಮಣ್ಣಿನ ದಾರಿಯಲ್ಲಿ ನಡೆದು ಹೋಗಿದ್ದವು ಎಂಬುದು ಮಾತ್ರ ಈಗ ಅವನ ನೆನಪಿಗೆ ಬರಲಿಲ್ಲ. ಮೈನಾಳ ಹಳೆಯ ನಾಲ ಇನ್ನೂ ಬಾಳುತ್ತಿದ್ದವು. ಆದರೂ ಕಿತ್ತುಹಾಕಿ, ಒಳ್ಳೆಯ ಕಬ್ಬಿಣ ಕಾಯಿಸಿ, ಹದವಾಗಿ ಬಗ್ಗಿಸಿ ಹೊಸದನ್ನು ಬಡಿದ. ಮೊಳೆಯ ತಲೆ ಒಂದಿಷ್ಟೂ ಮೇಲೆ ಕಾಣಬಾರದೆಂದು ಅರದಿಂದ ಉಜ್ಜಿ ಉಜ್ಜಿ ಸಮ ಮಾಡಿದ. ಬೆರಳಾಡಿಸಿದರೆ ಬೆರಳು ಜಾರಬೇಕು, ಅಷ್ಟು ನುಣುಪು. ಅಷ್ಟು ಪ್ರೀತಿಯಿಂದ ಅವನು ಯಾವ ಕುದುರೆಗೂ ನಾಲ ಬಡಿದಿರಲಿಲ್ಲ.

ಗೇಮಪ್ಪ ಹೊರಟ ಮರುದಿನ ಬೆಳಿಗ್ಗೆ ಲಾರಿ ಬಂತು. ದಿಬ್ಬವೊಂದಕ್ಕೆ ಹಿಂಬದಿ ತಾಗಿಸಿ ನಿಲ್ಲಿಸಿ, ನಡುವೆ ಹಲಗೆ ಹಾಸಿದರು. ಮೈನಾ ಮುಂಗಾಲು ಹಲಗೆಯ ಮೇಲಿಟ್ಟಳು, ಹಿಂದೆಗೆದಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಕೊನೆಗೆ ಕಾಸಿಂಸಾಬ ತನ್ನ ರುಮಾಲು ಬಿಚ್ಚಿ ಅವಳ ಕಣ್ಣಿಗೆ ಕಟ್ಟಿ, "ಬಾ ಬೇಟಿ, ಬಾ ನನ್ನವ್ವಾ, ನಾ ಇಲ್ಲೇ ಅದೇನಿ," ಎಂದು ಕರೆದ. ಆ ದನಿಯೊಂದನ್ನೇ ನಂಬಿ ಅವಳು ಹತ್ತಿದಳು. ವರ್ಷಗಟ್ಟಲೆ ತೊಲೆ ಎಳೆದು ಎಳೆದು ಲಾರಿಯ ತಳದ ಹಲಗೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು.

ಚನಬಸಪ್ಪನಿಗೆ ಗೊತ್ತಿದ್ದದ್ದು ತೊಲೆ ಕಟ್ಟುವ ಬಗೆ. ಬಿಗಿಯಾಗಿ ಕಟ್ಟಿದ್ದು ಅಲುಗುವುದಿಲ್ಲ, ಅಲುಗದ್ದು ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಮೈನಾಳ ತಲೆಯನ್ನು ಎತ್ತರಿಸಿ, ಎಡಕ್ಕೊಂದು ಬಲಕ್ಕೊಂದು ಹಗ್ಗ ಹಾಕಿ, ಗೇಣುದ್ದವೂ ಆಡದ ಹಾಗೆ ಬಿಗಿದ. ಕುದುರೆ ಬಲ್ಲ ಕಾಸಿಂಸಾಬನಾದರೂ ಬೇಡವೆನ್ನಬೇಕಿತ್ತು. ಆದರೆ ಅವನೂ ನಾಲ ಬಡಿಯುವಾಗ ಹಾಗೆಯೇ ತಲೆ ಬಿಗಿದು ಕಟ್ಟುವವನು. ಕುಲುಮೆಯ ಮುಂದೆ ನಿಂತ ಕುದುರೆಗೂ ಓಡುವ ಲಾರಿಯಲ್ಲಿ ನಿಂತ ಕುದುರೆಗೂ ವ್ಯತ್ಯಾಸವಿದೆಯೆಂದು ಹೊಳೆಯದೆ, ಗಂಟನ್ನು ತಾನೂ ಒಮ್ಮೆ ಜಗ್ಗಿ ನೋಡಿ ತೃಪ್ತಿಪಟ್ಟ. ರುಮಾಲು ಬಿಚ್ಚಿಕೊಂಡು ಕೆಳಗಿಳಿದ.

"ನಾ ಹಿಂದ ಮೈನಾನ ಹತ್ರ ನಿಂದರತೇನಿ," ಎಂದ.

"ಹಿರ್ಯಾರು ನೀವು, ಹಿಂದ ಹೊಗ್ಯಾಗ ಯಾಕ ನಿಂದರತೀರಿ? ಮುಂದ ಬರ್ರಿ, ಸೀಟಿನ ಮ್ಯಾಲ ಕುಂದರ್ರಿ," ಎಂದ ಚನಬಸಪ್ಪ.

ಲಾರಿಯ ಮುಂದಿನ ಸೀಟು ಅಂದರೆ ಆ ಕಾಲದಲ್ಲಿ ಕಂತ್ರಾಟದಾರರು ಕೂರುವ ಜಾಗ. ಇನ್ನೊಮ್ಮೆ ಕರೆಸಿಕೊಳ್ಳದೆ ಕಾಸಿಂಸಾಬ ಹತ್ತಿ ಕೂತ.

ಊರು ದಾಟಿ ಲಾರಿ ವೇಗ ಹಿಡಿಯುತ್ತಲೇ ಹಿಂದಿನಿಂದ ಸಪ್ಪಳ ಶುರುವಾಯಿತು. ಹಲಗೆಯ ಮೇಲೆ ಕಬ್ಬಿಣ ಬಡಿಯುವ ಟಕ್ ಟಕ್, ನಡುವೆ ಕರ್‍ರೆಂದು ಎಳೆದ ಸದ್ದು, ಮತ್ತೆ ಟಕ್ ಟಕ್. ತಿರುವು ಬಂದಾಗ ಸಪ್ಪಳ ಜೋರಾಗುತ್ತಿತ್ತು. ಚನಬಸಪ್ಪ ಕಿವಿಗೊಟ್ಟ.

"ಭಾಳ ಕಾಲ ಬಡ್ಯಾಕತ್ತೈತೆಲ್ರಿ. ನಿಂದರಸಲೇನು?"

"ಬ್ಯಾಡ ಬ್ಯಾಡ. ಹುರುಪಿನ್ಯಾಗ ಐತಿ," ಎಂದ ಕಾಸಿಂಸಾಬ. "ಹೊಸಾ ನಾಲ ಹಾಕಿದ ಕುದರಿ ಹಂಗ ಕುಣಿತೈತಿ. ಕೇಳಿಲ್ಲಿ, ನನ್ನ ನಾಲಿನ ಸಪ್ಪಳ ಹೆಂಗ ಖಣಿ ಖಣಿ ಅಂತೈತಿ!"

ಹೀಗಂದು, ಹಾಡುಗಾರನ ಮುಂದೆ ಕೂತವನ ಹಾಗೆ ತಲೆದೂಗಿದ. ಕತ್ತಲೆಯಲ್ಲಿ ದಾರಿಯ ಮೇಲೆ ಕುದುರೆ ಹೋದರೆ ಯಾವ ಕಾಲಿನ ನಾಲ ಸಡಿಲಾಗಿದೆಯೆಂದು ಮಲಗಿದಲ್ಲಿಂದಲೇ ಹೇಳುವ ಕಿವಿ ಅವನದು. ಆ ಕಿವಿಗೆ ಅವತ್ತು ಏನಾಗಿತ್ತೋ! ಹಮ್ಮು ಹೊಕ್ಕ ಕಿವಿಗೆ ಬೇರೇನೂ ಹೊಗದು ಅಂತ ಕಾಣುತ್ತದೆ. ಮೈನಾ ಹಿಂದೆ ಕುಣಿಯುತ್ತಿರಲಿಲ್ಲ. ಜಾರುತ್ತಿದ್ದಳು. ಜಾರಿದ ಕಾಲನ್ನು ಎಳೆದುಕೊಂಡು ನಿಲ್ಲುತ್ತಿದ್ದಳು, ಮತ್ತೆ ಜಾರುತ್ತಿದ್ದಳು. ತಲೆ ತಗ್ಗಿಸಿ ಮೈಯ ತೂಕ ಹಿಡಿದುಕೊಳ್ಳೋಣವೆಂದರೆ ತಲೆ ಅವಳ ವಶದಲ್ಲಿರಲಿಲ್ಲ. ಮೇಲಿಂದ ಇದ್ದಿಲಿನ ಹೊಗೆ.

ಕಲಘಟಗಿ ದಾಟಿದ ಮೇಲೊಂದು ಇಳಿಜಾರಿನಲ್ಲಿ ಧಡ್ ಎಂದು ದೊಡ್ಡ ಸದ್ದಾಗಿ, ಆಮೇಲೆ ಸಪ್ಪಳ ನಿಂತಿತು.

"ಈಗ ಸಮಾಧಾನ ಆತು ನೋಡು," ಎಂದ ಕಾಸಿಂಸಾಬ. "ಒಗ್ಗಿಕೊಂಡ್ಲು."

ಸ್ವಲ್ಪ ಮುಂದೆ ಹೋದಾಗ ದಾರಿಯಂಚಿನಲ್ಲಿ ಗೇಮಪ್ಪನ ತಟ್ಟುಗಳು ಸಾಲಾಗಿ ನಡೆಯುತ್ತಿದ್ದವು. ಲಾರಿ ಅವನನ್ನು ದಾಟಿತು. ಕಾಸಿಂಸಾಬ ಕಿಟಕಿಯಿಂದ ತಲೆ ಹೊರಹಾಕಿ ತಿರುಗಿ ನೋಡಿದ. ಗೇಮಪ್ಪ ಎರಡೂ ಕೈ ಎತ್ತಿ ಬೀಸುತ್ತ, ಏನೋ ಕೂಗುತ್ತ ಲಾರಿಯ ಹಿಂದೆ ಓಡಿ ಬರುತ್ತಿದ್ದ. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸಲಿಲ್ಲ. ಲಾರಿಯಲ್ಲಿ ಹೋಗುವ ತಮ್ಮನ್ನು ಕಂಡು ಅವನಿಗೆ ಸಂತೋಷವಾಗಿದೆಯೆಂದುಕೊಂಡು, ಕಾಸಿಂಸಾಬ ಮದುವೆ ಗಂಡಿನ ಗತ್ತಿನಲ್ಲಿ ಕೈ ಬೀಸಿದ. ಧೂಳಿನಲ್ಲಿ ಗೇಮಪ್ಪ ಮರೆಯಾದ.

ಪೀಪಾಯಿಗೆ ಇದ್ದಿಲು ಹಾಕಲು ಚನಬಸಪ್ಪ ಲಾರಿ ನಿಲ್ಲಿಸಿದಾಗ ಕಾಸಿಂಸಾಬನೂ ಇಳಿದು, ಮೊಣಕಾಲು ಒತ್ತಿಕೊಳ್ಳುತ್ತ ಹಿಂದಕ್ಕೆ ಹೋದ. "ಮೈನಾ" ಎಂದು ಕರೆದ. ಪಕ್ಕದ ಹಲಗೆ ಹಿಡಿದು ಚಕ್ರದ ಮೇಲೆ ಕಾಲಿಟ್ಟು ಒಳಗೆ ನೋಡಿದ.

ಮೈನಾ ಹಿಂಗಾಲು ಎರಡೂ ಸೀಳಿ ಕುಂಡೆಯೂರಿ ಬಿದ್ದಿದ್ದಳು. ತಲೆ ಮಾತ್ರ ಮೇಲೆ ಎರಡು ಹಗ್ಗಗಳ ನಡುವೆ ನೇತಾಡುತ್ತಿತ್ತು. ಗದ್ದದ ಕೆಳಗೆ ಹಗ್ಗ ಚರ್ಮ ಕೊಯ್ದಿತ್ತು. ನಾಲಗೆ ಹೊರಬಿದ್ದು ಕಪ್ಪಾಗಿತ್ತು. ಉಸಿರು ಎಳೆಯುವಾಗ ತಿದಿಗೆ ತೂತು ಬಿದ್ದಂಥ ಸದ್ದು. ಒಂದು ಹಿಂಗಾಲು ಪಕ್ಕದ ಹಲಗೆಗಳ ಸಂದಿಗೆ ಸಿಕ್ಕಿ ಮೊಣಕಾಲಿನಿಂದ ಕೆಳಗೆ ಸುಲಿದುಹೋಗಿತ್ತು.

ಕಾಸಿಂಸಾಬ ಹೇಗೆ ಮೇಲೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಚಾಕುವಿನಿಂದ ಹಗ್ಗ ಕೊಯ್ದಾಗ ಅವಳ ತಲೆ ಅವನ ತೊಡೆಯ ಮೇಲೆ ಧೊಪ್ಪನೆ ಬಿತ್ತು. ಆಗ ಅವನ ಕಣ್ಣು ತಳದ ಹಲಗೆಗಳ ಮೇಲೆ ಹೋಯಿತು. ಉದ್ದಕ್ಕೂ ಅಡ್ಡಕ್ಕೂ ಬೆಳ್ಳನೆಯ ಗೀರುಗಳು. ಒಂದೊಂದು ಗೀರೂ ಅವನು ಮುಂದೆ ಕೂತು ತಲೆದೂಗಿದ ಒಂದೊಂದು ಸಪ್ಪಳ. ಹಳಿಯಾಳದಿಂದ ಇಲ್ಲಿಯವರೆಗೆ ಅವಳು ಕೂಗಿ ಕೂಗಿ ಹೇಳಿದ್ದಳು. ಡ್ರೈವರನಿಗೆ ಕೇಳಿಸಿತ್ತು, ಅವಳನ್ನು ಸಾಕಿದವನಿಗೆ ಕೇಳಿಸಲಿಲ್ಲ.

"ಯಾ ಅಲ್ಲಾ, ನಾ ಏನ ಮಾಡಿದೆ," ಎಂದು ಹಣೆ ಹಣೆ ಬಡಿದುಕೊಂಡ.

ಚನಬಸಪ್ಪನೂ ಮೇಲೆ ಹತ್ತಿ ಬಂದ. ಇಬ್ಬರೂ ಎಬ್ಬಿಸಲು ನೋಡಿದರು. ಮೈನಾ ಏಳಲು ಹವಣಿಸಿದಳು, ನುಣುಪು ಹಲಗೆಯ ಮೇಲೆ ನುಣುಪು ನಾಲ ಜಾರಿ ಮತ್ತೆ ಬಿದ್ದಳು. ಅಷ್ಟರಲ್ಲಿ ಗೇಮಪ್ಪ ಏದುಸಿರು ಬಿಡುತ್ತ ಬಂದ. ತಟ್ಟುಗಳನ್ನು ಹಿಂದೆಯೇ ಬಿಟ್ಟು ಓಡಿ ಬಂದಿದ್ದ. ಲಾರಿಯಲ್ಲಿದ್ದ ಇದ್ದಿಲಿನ ಬುಟ್ಟಿ ಬರಿದು ಮಾಡಿ, ದಾರಿ ಪಕ್ಕದ ಮರಳುಮಣ್ಣು ತುಂಬಿ ತಂದು ಹಲಗೆಗಳ ಮೇಲೆಲ್ಲ ಚೆಲ್ಲಿದ. ಮೈನಾಳ ಮೋರೆಗೆ ನೀರು ತಟ್ಟಿ, ತುಸು ಕುಡಿಸಿ, ಉಸಿರು ಹದಕ್ಕೆ ಬರುವವರೆಗೆ ಕಾದು, ಆಮೇಲೆ ಮೂವರೂ ಕೈ ಕೊಟ್ಟರು. ಮಣ್ಣಿನ ಮೇಲೆ ಕಾಲು ನಿಂತಿತು. ಮೈನಾ ಎದ್ದಳು, ಒಂದು ಕಾಲು ಮಾತ್ರ ಊರಲಿಲ್ಲ.

ಮಣ್ಣು! ಹಳಿಯಾಳದಲ್ಲಿ ಕುಲುಮೆಯ ಮುಂದೆ ಬೇಕಾದಷ್ಟು ಬಿದ್ದಿತ್ತು. ನಾಲ್ಕು ಬುಟ್ಟಿ ಚೆಲ್ಲಿಕೊಂಡಿದ್ದರೆ, ಹೊಸ ನಾಲ ಬಡಿಯುವ ಹಟ ಬಿಟ್ಟಿದ್ದರೆ, ತಲೆಯನ್ನಾದರೂ ಸಡಿಲ ಬಿಟ್ಟಿದ್ದರೆ, ಲಾರಿ ನಿಲ್ಲಿಸಲೇ ಎಂದವನಿಗೆ ಹೂಂ ಎಂದಿದ್ದರೆ! ಮುಂದೆ ಎಷ್ಟೋ ವರ್ಷ ಕಾಸಿಂಸಾಬನ ತಲೆಯಲ್ಲಿ ಇವು ಒಂದರ ಹಿಂದೊಂದು ಬರುತ್ತಲೇ ಇದ್ದವು.

ಲಾರಿಯನ್ನು ಒಂದು ದಿಬ್ಬಕ್ಕೆ ತಾಗಿಸಿ ಮೈನಾಳನ್ನು ಇಳಿಸಿದರು. ಚನಬಸಪ್ಪ ತಲೆ ತಗ್ಗಿಸಿಕೊಂಡು ಲಾರಿ ಹೊಡೆದುಕೊಂಡು ಹೋದ. ತಟ್ಟುಗಳು ಬಂದು ಕೂಡಿದ ಮೇಲೆ ಗೇಮಪ್ಪ ಒಂದರ ಹೇರನ್ನು ಉಳಿದವುಗಳಿಗೆ ಹಂಚಿ, ಬರಿದಾದ ತಟ್ಟಿನ ಮೇಲೆ ಕಾಸಿಂಸಾಬನನ್ನು ಕೂರಿಸಿದ. ತಾನು ಮೈನಾಳ ಪಕ್ಕದಲ್ಲಿ ನಡೆದ. ಹಗ್ಗ ಸಡಿಲ, ಅವಳು ನಿಂತಲ್ಲಿ ನಿಂತ, ಹೆಜ್ಜೆ ಇಟ್ಟಾಗ ಹೆಜ್ಜೆ ಇಟ್ಟ. ಒಮ್ಮೆ ಕಾಸಿಂಸಾಬ ಇಳಿದು ಹತ್ತಿರ ಹೋಗಿ ಕಾಲು ಮುಟ್ಟಲು ಬಗ್ಗಿದ. ಮೈನಾ ಕಿವಿ ಹಿಂದಕ್ಕೆ ಮಲಗಿಸಿ ಪಕ್ಕಕ್ಕೆ ಸರಿದಳು. ಹುಟ್ಟಿದಂದಿನಿಂದ ಹಾಗೆ ಮಾಡಿದವಳಲ್ಲ. ಅವನು ಸುಮ್ಮನೆ ಹೋಗಿ ತಟ್ಟು ಹತ್ತಿದ.

ದಾರಿಯಲ್ಲಿ ಒಂದು ಹಳ್ಳಿಯಲ್ಲಿ ತಂಗಿ, ಮರುದಿನ ಇಡೀ ಕುಂಟುತ್ತ ನಡೆದರು. ತಟ್ಟಿನ ಮೇಲೆ ಕೂತ ಕಾಸಿಂಸಾಬ ಮಗಳಿಗೆ ಏನು ಹೇಳಲಿ ಎಂದು ಮನಸ್ಸಿನಲ್ಲಿ ಜೋಡಿಸುತ್ತಲೇ ಬಂದ. ಲಾರಿ ಹಳೆಯದಿತ್ತು ಅನ್ನೋಣವೇ? ಡ್ರೈವರ್ ಕಟ್ಟಿದ್ದು ಸರಿಯಾಗಲಿಲ್ಲ ಅನ್ನೋಣವೇ? ಒಂದೊಂದೂ ಸುಳ್ಳಲ್ಲ, ಒಂದೂ ನಿಜವಲ್ಲ.

ಹೊತ್ತು ಇಳಿಯುವಾಗ ಮುಂಡಗೋಡ ಮುಟ್ಟಿದರು. ಮೆಹರುನ್ನಿಸಾ ಬಾಗಿಲಲ್ಲೇ ಕಾಯುತ್ತಿದ್ದಳು. ಗೇಮಪ್ಪನ ಕೈಯಲ್ಲಿ ಹಗ್ಗ ಕಂಡು ಅವಳ ಮುಖ ಅರಳಿತು, "ಮೈನಾ!" ಎಂದು ಓಡಿ ಬಂದಳು. ಹತ್ತಿರ ಬಂದು, ಗದ್ದದ ಕೆಳಗಿನ ಗಾಯ ನೋಡಿದಳು, ಕಾಲು ನೋಡಿದಳು. ನಾಲಬಂದನ ಮಗಳು ಅವಳು. ಕಾಲಿನ ಕೀಲಿಗೆ ಕೈಯಿಟ್ಟು ಒಮ್ಮೆ ಒತ್ತಿದ್ದೇ ತಡ ತಿಳಿದುಹೋಯಿತು, ಆ ಕಾಲು ಇನ್ನು ಟಾಂಗಾ ಎಳೆಯುವುದಿಲ್ಲವೆಂದು. ಎಳೆಯಲೂ ಇಲ್ಲ.

ಎದ್ದು ಗೇಮಪ್ಪನ ಕಡೆ ತಿರುಗಿದವಳ ಕಣ್ಣು ಉರಿಯುತ್ತಿತ್ತು. ಅಪ್ಪನ ನಾಲಗೆಯ ಖಾರವೆಲ್ಲ ಮಗಳಿಗೆ ಬಂದಿತ್ತು.

"ಕಾಕಾ, ನಿಮ್ಮ ಕೈಯಾಗ ಕೊಟ್ರ ಕಣ್ಣ ಮುಚ್ಚಿ ನಂಬಬೌದು ಅಂತ ಅಬ್ಬಾಗ ನಾನ ಹೇಳಿ ಕಳಿಸಿದ್ದೆ. ಏನ ಮಾಡಿಟ್ರಿ ಇದು? ಹೇರು ಹೊರಸಿದ್ರೇನು? ಎಲ್ಲಿ ಕೆಡವಿದ್ರಿ? ಮಾತಾಡ್ರಿ! ಬಾಯಿಲ್ಲದ ಪ್ರಾಣಿ, ನಿಮಗ ಕರುಳಿಲ್ಲೇನು?"

ನೆರೆಹೊರೆಯವರು ಬಾಗಿಲಿಗೆ ಬಂದರು. ಗೇಮಪ್ಪ ತಲೆ ತಿರುಗಿಸಿ ಕಾಸಿಂಸಾಬನ ಕಡೆ ಒಮ್ಮೆ ನೋಡಿದ. ಸಿಟ್ಟಿನ ನೋಟವಲ್ಲ ಅದು. ನೀವು ಹೇಳುತ್ತೀರಲ್ಲ ಎಂದು ಕಾಯುವ ನೋಟ. ಅಷ್ಟು ಜನರ ಮುಂದೆ, ಮಗಳ ಮುಂದೆ, ಕಾಸಿಂಸಾಬ ತಟ್ಟಿನ ಜೂಲಿಗೆ ಅಂಟಿದ್ದ ಕಸವನ್ನು ಬೆರಳಿನಿಂದ ಆರಿಸತೊಡಗಿದ.

ಗೇಮಪ್ಪ ಆಮೇಲೆ ಹಗ್ಗವನ್ನು ಮೆಹರುನ್ನಿಸಾಳ ಕೈಗಿಟ್ಟ.

"ತಪ್ಪಾತವ್ವಾ," ಎಂದ. "ಕಾಲಿಗೆ ಬಿಸಿನೀರ ಹಾಕು. ತಲಿ ಸಡಲ ಬಿಟ್ಟು ಕಟ್ಟು."

ಕಾಸಿಂಸಾಬನನ್ನು ಕೈಹಿಡಿದು ತಟ್ಟಿನಿಂದ ಇಳಿಸಿ, ತನ್ನ ಸಾಲು ಹೊಡೆದುಕೊಂಡು ಅತ್ತಿವೇರಿಯ ದಾರಿ ಹಿಡಿದ.

ಮಗಳು ಬಿಸಿನೀರು ಕಾಯಿಸಿ ಮೈನಾಳ ಕಾಲಿಗೆ ಹಾಕಿ, ಅಪ್ಪನ ಮುಂದೆ ತಟ್ಟೆಯಿಟ್ಟಳು. "ನಿಮ್ಮದೇನ ತಪ್ಪು ಬಿಡ್ರಿ ಅಬ್ಬಾ," ಎಂದು ಸಮಾಧಾನ ಹೇಳಿದಳು. "ಮಂದೀನ ನಂಬಿ ಕಳಿಸಿದ್ದು ನಂದು ತಪ್ಪು. ಊಟ ಮಾಡ್ರಿ." ಕಾಸಿಂಸಾಬ ರೊಟ್ಟಿ ಮುರಿದ. ಬಾಯಿಗಿಡಲಾಗಲಿಲ್ಲ. ಮುರಿದ ಚೂರನ್ನು ತಟ್ಟೆಯಲ್ಲೇ ಇಟ್ಟು, ನೆಲ ನೋಡುತ್ತ ಹೇಳಿದ.

"ಗೇಮಪ್ಪಂದಲ್ಲ. ಲಾರ್ಯಾಗ ತಂದಾಂವ ನಾನು. ಹೊಸಾ ನಾಲ ಬಡದು, ತಲಿ ಬಿಗದು ಕಟ್ಟಿ, ಅದು ಜಾರಿ ಜಾರಿ ಬೀಳೋ ಸಪ್ಪಳ ಕೇಳಿ ಹಿಗ್ಗಿದಾಂವ ನಾನು. ಅಂವಾ ದಾರ್‍ಯಾಗ ಕಂಡು ಎತ್ತಿ ತಂದ."

ಮೆಹರುನ್ನಿಸಾ ಎದ್ದು, ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ಓಡಿದಳು. "ಗೇಮಪ್ಪ ಕಾಕಾ!" ಎಂದು ಅವಳು ಕೂಗುವುದು ಓಣಿಯ ಕೊನೆಯವರೆಗೂ, ಆಮೇಲೆ ಅದರಾಚೆಗೂ ಕೇಳಿಸಿತು. ಕಾಸಿಂಸಾಬ ತಟ್ಟೆಯ ಮುಂದೆ ಕೂತೇ ಇದ್ದ.

ಬಹಳ ಹೊತ್ತಿನ ಮೇಲೆ ಅವಳು ಒಬ್ಬಳೇ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಸಿಂಸಾಬ ತಡೆದುಕೊಳ್ಳುತ್ತಿದ್ದ.

"ಅಷ್ಟು ದೂರ ನಡದು ಬಂದವ್ರಿಗೆ ನಾ ಒಂದು ತಂಬಗಿ ನೀರೂ ಕೊಡಲಿಲ್ಲ," ಎಂದಳು. "ನನಗ ಗೊತ್ತಿರಲಿಲ್ಲ. ನೀವು ಅಲ್ಲೇ ಇದ್ರೆಲ್ಲ, ಅಬ್ಬಾ."